ರಕ್ತದ ನಂಜಿಗೆ ಯಾವ ಆಂಟಿಬಯೋಟಿಕ್, ಎಷ್ಟು ದಿನ?

"ರೊಕ್ಕ ಎಷ್ಟಾದ್ರೂ ಆಗ್ಲಿ ಡಾಕ್ಟ್ರೇ, ಎಲ್ಲದ್ಕಿಂತ ಪವರ್ ಇರೋ ಇಂಜೆಕ್ಷನ್ನೇ ಹಾಕ್ರಿ." ದಾವಣಗೆರೆಯಲ್ಲಿ ಐಸಿಯು ಬಾಗಿಲ ಮುಂದೆ ದಿನಾ ಕೇಳಿಸುವ ಮಾತು. ರಕ್ತಕ್ಕೆ ನಂಜು ಸೇರಿದೆ ಎಂದಾಗ ಮನೆಯವರು ಹೀಗೆ ಕೇಳುವುದು ಸಹಜವೇ. ಆದರೆ ವೈದ್ಯರಲ್ಲೂ ಎಷ್ಟೋ ಜನ ಒಳಗೊಳಗೆ ಒಂದು ಏಣಿಯನ್ನು ನಂಬಿಕೊಂಡಿರುತ್ತಾರೆ: ಕೆಳಗೆ ಮೋನೋಸೆಫ್ (ಸೆಫ್‌ಟ್ರಯಾಕ್ಸೋನ್), ಅದರ ಮೇಲೆ ಪಿಪ್‌ಟಾಜ್ (ಪಿಪರಸಿಲಿನ್-ಟಾಜೋಬ್ಯಾಕ್ಟಮ್), ಅದರ ಮೇಲೆ ಮೆರೋ (ಮೆರೋಪೆನೆಮ್), ತುದಿಯಲ್ಲಿ ಕೊಲಿಸ್ಟಿನ್. ಇಂಥ ಏಣಿ ಇಲ್ಲ. ರಕ್ತದಲ್ಲಿ ಬೆಳೆದದ್ದು ಸಾಮಾನ್ಯ ಸ್ಟ್ಯಾಫಿಲೋಕಾಕಸ್ ಆರಿಯಸ್ ಆಗಿದ್ದರೆ, ಮೆರೋಪೆನೆಮ್‌ಗಿಂತ 20 ವರ್ಷಕ್ಕೂ ಹೆಚ್ಚು ಹಳೆಯದಾದ ಅಗ್ಗದ ಸೆಫಜೋಲಿನ್ನೇ ಸರಿಯಾದ ಔಷಧಿ. ಬ್ರುಸೆಲ್ಲಾ ಆಗಿದ್ದರೆ ಸಾದಾ ಡಾಕ್ಸಿಸೈಕ್ಲಿನ್ ಮಾತ್ರೆಯ ಮುಂದೆ ಮೆರೋ ನಿಲ್ಲುವುದಿಲ್ಲ. ಯಾವ ರೋಗಾಣು, ದೇಹದ ಯಾವ ಭಾಗದಿಂದ ರಕ್ತಕ್ಕೆ ಇಳಿಯಿತು ಎಂಬುದು ಗೊತ್ತಿಲ್ಲದೆ ಎರಡು ಔಷಧಿಗಳನ್ನು ಅಕ್ಕಪಕ್ಕ ಇಟ್ಟು ತೂಗುವುದಕ್ಕೆ ಅರ್ಥವಿಲ್ಲ.

ವಾರ್ಡಿನ ನರ್ಸಿಂಗ್ ಸಿಬ್ಬಂದಿ, ಹೊಸದಾಗಿ ಡ್ಯೂಟಿಗೆ ಬಂದ ವೈದ್ಯರು, ರಿಪೋರ್ಟ್ ಕೈಲಿ ಹಿಡಿದು ನಿಂತ ಮನೆಯವರು, ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಇಲ್ಲಿರುವ ಡೋಸ್‌ಗಳು ಕಿಡ್ನಿ ಸರಿ ಇರುವ ವಯಸ್ಕರವು. ಮಕ್ಕಳು, ಗರ್ಭಿಣಿಯರು, ಡಯಾಲಿಸಿಸ್‌ನಲ್ಲಿರುವವರ ಲೆಕ್ಕವೇ ಬೇರೆ.

ಬಾಟಲಿ ತುಂಬುವ ಕೆಲಸ

ನಮ್ಮ ಕಡೆ ಅತಿ ಹೆಚ್ಚು ಕೆಡುವ ಹಂತ ಬ್ಲಡ್ ಕಲ್ಚರ್, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ. ವಯಸ್ಕರ ರಕ್ತದ 1 ಮಿ.ಲೀ.ಯಲ್ಲಿ ಬಹಳ ಸಲ ಬೆರಳೆಣಿಕೆಯಷ್ಟು ಬ್ಯಾಕ್ಟೀರಿಯಾ ಇರುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ. ಹಾಗಿರುವಾಗ ಬಾಟಲಿಗೆ 2 ಮಿ.ಲೀ. ಹಾಕಿ ಕಳಿಸಿ, "ನೋ ಗ್ರೋತ್" ಎಂದು ಬಂದ ಮೇಲೆ "ಸದ್ಯ, ಇನ್‌ಫೆಕ್ಷನ್ ಇಲ್ಲ" ಎಂದುಕೊಂಡರೆ ಮೋಸ ಹೋದಂತೆ. ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ಬೇಕು. ಎರಡು ಬಾಟಲಿ ಸೇರಿದರೆ ಒಂದು ಸೆಟ್. ಎರಡು ಬೇರೆ ಬೇರೆ ಜಾಗದಿಂದ ಎರಡು ಸೆಟ್. ಒಂದೇ ಸೆಟ್ ತೆಗೆದರೆ ನಾಲ್ಕರಲ್ಲಿ ಒಂದು ಸೋಂಕು ತಪ್ಪಿಹೋಗುತ್ತದೆ. ಎರಡು ಸೆಟ್ ತೆಗೆದರೆ ಸುಮಾರು 90% ಸಿಕ್ಕಿಬೀಳುತ್ತವೆ. "ಇಷ್ಟೊಂದು ರಕ್ತ ಯಾಕ್ರೀ ತೆಗೀತೀರಿ" ಎಂದು ಕೇಳಿದರೆ ಹೇಳಬಹುದು: ನಾಲ್ಕೂ ಬಾಟಲಿ ಸೇರಿ 40 ಮಿ.ಲೀ., ರಕ್ತದಾನದಲ್ಲಿ ಕೊಡುವ 350 ಮಿ.ಲೀ.ಯ ಒಂಬತ್ತನೇ ಒಂದು ಪಾಲು.

ಚರ್ಮಕ್ಕೆ ಆಲ್ಕೋಹಾಲ್ ಬೆರೆತ 2% ಕ್ಲೋರ್‌ಹೆಕ್ಸಿಡಿನ್ ಹಚ್ಚಿ 30 ಸೆಕೆಂಡ್ ತಿಕ್ಕಬೇಕು, ಆಮೇಲೆ ಪೂರ್ತಿ ಒಣಗಲು ಬಿಡಬೇಕು. ಒಣಗುವ ಮೊದಲೇ ಸೂಜಿ ಚುಚ್ಚುವುದು, ಒಣಗಿದ ಮೇಲೆ ನರ ಎಲ್ಲಿದೆ ಎಂದು ಮತ್ತೆ ಬೆರಳಿಟ್ಟು ಹುಡುಕುವುದು, ಇವೆರಡೂ ಚರ್ಮದ ಬ್ಯಾಕ್ಟೀರಿಯಾವನ್ನು ಬಾಟಲಿಗೆ ಸೇರಿಸುವ ದಾರಿಗಳು. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗಿನ ರಬ್ಬರ್ ಶುದ್ಧವಾಗಿಯೇ ಇರುತ್ತದೆ ಎಂಬುದೂ ತಪ್ಪು. ಅದನ್ನೂ ಆಲ್ಕೋಹಾಲ್‌ನಿಂದ ಒರೆಸಿ. ಡ್ರಿಪ್‌ಗಾಗಿ ನಿನ್ನೆ ಕೈಗೆ ಹಾಕಿದ ವೆನ್‌ಫ್ಲಾನ್‌ನಿಂದ ರಕ್ತ ಎಳೆಯಬೇಡಿ. ನಾಲ್ಕರಲ್ಲಿ ಒಂದೇ ಬಾಟಲಿಯಲ್ಲಿ ಕೊಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫ್ ಬಂದರೆ ಸಾಮಾನ್ಯವಾಗಿ ಅದು ಚರ್ಮದ್ದೇ. ಅದನ್ನು ನೋಡಿ ವ್ಯಾಂಕೋಮೈಸಿನ್ ಶುರು ಮಾಡಿ ಕಿಡ್ನಿ ಕೆಡಿಸಿಕೊಂಡವರು ಬಹಳ ಮಂದಿ. ಒಂದೇ ಸೆಟ್ ಕಳಿಸಿದ್ದರೆ ಇದು ಚರ್ಮದ್ದೋ ರಕ್ತದ್ದೋ ಎಂದು ಹೇಳಲು ಲ್ಯಾಬ್‌ಗೆ ದಾರಿಯೇ ಇರುವುದಿಲ್ಲ.

ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ಜಗಳೂರಿನಿಂದಲೋ ಚಳ್ಳಕೆರೆಯಿಂದಲೋ ಕಳಿಸುವಾಗ ಐಸ್ ಪ್ಯಾಕ್ ಇಟ್ಟು ಕಳಿಸುವ ಅಭ್ಯಾಸವಿದೆ, ಉಳಿದ ಸ್ಯಾಂಪಲ್‌ಗಳ ರೂಢಿಯಿಂದ ಬಂದದ್ದು. ಕಲ್ಚರ್ ಬಾಟಲಿ ಕೋಣೆಯ ಬಿಸಿಯಲ್ಲೇ, ಆದಷ್ಟು ಬೇಗ, ಅದೇ ದಿನ ಹೋಗಬೇಕು.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ರೆಫರ್ ಮಾಡುವ ಮುಂಚೆ ಹಾಕುವ ಇಂಜೆಕ್ಷನ್. ಮೊದಲ ಡೋಸ್ ಹೋದ ಮೇಲೆ ತೆಗೆದ ಕಲ್ಚರ್‌ನಲ್ಲಿ ರೋಗಾಣು ಸಿಗುವ ಸಾಧ್ಯತೆ ಬಹಳವೇ ಇಳಿಯುತ್ತದೆ. ಬಿಪಿ ಬಿದ್ದಿದ್ದರೆ ಕಾಯಬೇಡಿ. ಶಾಕ್‌ನಲ್ಲಿ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಲೇಬೇಕು. ಕಲ್ಚರ್‌ಗಾಗಿ 45 ನಿಮಿಷಕ್ಕಿಂತ ಹೆಚ್ಚು ತಡ ಮಾಡುವಂತಿಲ್ಲ. ಬಾಟಲಿ ಕೈಗೆ ಸಿಗುವಂತಿದ್ದರೆ ಐದು ನಿಮಿಷದ ಕೆಲಸ. ಬಾಟಲಿಯೇ ಇಲ್ಲದ ಕಡೆ ಕನಿಷ್ಠ ಚೀಟಿಯಲ್ಲಿ ಔಷಧಿಯ ಹೆಸರು, ಡೋಸ್, ಗಂಟೆ ಬರೆಯಿರಿ. "ಆಂಟಿಬಯೋಟಿಕ್ ಕೊಡಲಾಗಿದೆ" ಎಂಬ ಒಂದು ಸಾಲಿನಿಂದ ಮುಂದಿನವರಿಗೆ ಏನೂ ಗೊತ್ತಾಗುವುದಿಲ್ಲ.

ಪಿಪ್‌ಟಾಜ್ ಎದುರು ಮೆರೋ

ನಮ್ಮ ವಾರ್ಡುಗಳಲ್ಲಿ ರಕ್ತದಲ್ಲಿ ಹೆಚ್ಚಾಗಿ ಕಾಣುವುದು ಇ. ಕೋಲೈ ಮತ್ತು ಕ್ಲೆಬ್ಸಿಯೆಲ್ಲಾ. ಮೂತ್ರನಾಳ, ಪಿತ್ತನಾಳ, ಹೊಟ್ಟೆಯೊಳಗಿನ ಕೀವು, ಇಲ್ಲಿಂದ ಬರುತ್ತವೆ. ಇವುಗಳಲ್ಲಿ ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗುವವು ಭಾರತದಲ್ಲಿ ಈಗ ಅಲ್ಪಸಂಖ್ಯಾತ. ಬಗ್ಗುವ ತಳಿಯಾಗಿದ್ದರೆ ದಿನಕ್ಕೊಮ್ಮೆ 2 ಗ್ರಾಂ ಸೆಫ್‌ಟ್ರಯಾಕ್ಸೋನ್ ಸಾಕು. ಮೆರೋ ಶುರು ಮಾಡಿದ್ದರೂ ರಿಪೋರ್ಟ್ ಬಂದ ದಿನವೇ ಇಳಿಸಬಹುದು. "ಜ್ವರ ಇಳಿದಿದೆ, ಈಗ ಯಾಕೆ ಮುಟ್ಟೋದು" ಎಂಬ ವಾದಕ್ಕೆ ಉತ್ತರ ಸಿಕ್ಕಿದೆ: ಸ್ಪೇನ್‌ನಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಸಿಂಪ್ಲಿಫೈ ಎಂಬ ಪ್ರಯೋಗದಲ್ಲಿ ಹೀಗೆ ಇಳಿಸಿದವರು ಇಳಿಸದವರಷ್ಟೇ ಚೆನ್ನಾಗಿ ಗುಣವಾದರು.

ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗದೆ, ರಿಪೋರ್ಟ್‌ನಲ್ಲಿ ಪಿಪರಸಿಲಿನ್-ಟಾಜೋಬ್ಯಾಕ್ಟಮ್ ಎದುರು 'ಎಸ್' (ಸೆನ್ಸಿಟಿವ್, ಅಂದರೆ ಔಷಧಿಗೆ ಬಗ್ಗುತ್ತದೆ) ಇದ್ದರೆ? ಇದೇ ಪ್ರಶ್ನೆಗೆ 2018ರ ಮೆರಿನೋ ಪ್ರಯೋಗ ನಡೆಯಿತು. 30 ದಿನದೊಳಗೆ ಪಿಪ್‌ಟಾಜ್ ಗುಂಪಿನಲ್ಲಿ 12.3% ಜನ ತೀರಿಕೊಂಡರು, ಮೆರೋ ಗುಂಪಿನಲ್ಲಿ 3.7%. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಆಮೇಲೆ ಅದೇ ತಳಿಗಳನ್ನು ನಿಖರ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ, 'ಎಸ್' ಎಂದುಕೊಂಡಿದ್ದ ಕೆಲವು ನಿಜಕ್ಕೂ ಪಿಪ್‌ಟಾಜ್‌ಗೆ ಬಗ್ಗುವವೇ ಆಗಿರಲಿಲ್ಲ ಎಂದು ತಿಳಿಯಿತು. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ಅಂತರ ಕಡಿಮೆಯಾಗುತ್ತದೆ. ಕೆಲವರು ಇದನ್ನು ಹಿಡಿದು "ಹಾಗಾದ್ರೆ ಪಿಪ್‌ಟಾಜ್ ನಡೀತದೆ" ಎನ್ನುತ್ತಾರೆ. ನನಗೆ ಇದು ಉಲ್ಟಾ ಕಾಣುತ್ತದೆ. ದೊಡ್ಡ ದೊಡ್ಡ ಆಸ್ಪತ್ರೆಗಳ ಲ್ಯಾಬ್‌ಗಳೇ 'ಎಸ್' ಓದುವಲ್ಲಿ ಎಡವಿದ್ದರೆ, ಔಷಧಿ ಹಚ್ಚಿದ ಡಿಸ್ಕ್ ಇಟ್ಟು, ಸುತ್ತ ರೋಗಾಣು ಬೆಳೆಯದ ಜಾಗವನ್ನು ಸ್ಕೇಲ್‌ನಲ್ಲಿ ಅಳೆಯುವ ನಮ್ಮ ರಿಪೋರ್ಟಿನ ಆ ಒಂದಕ್ಷರದ ಮೇಲೆ ಜೀವ ಇಡುವುದು ಹೇಗೆ? ರಕ್ತದಲ್ಲಿ ಇಎಸ್‌ಬಿಎಲ್ ತಳಿ (ಸೆಫ್‌ಟ್ರಯಾಕ್ಸೋನ್‌ನಂಥ ಔಷಧಿಗಳನ್ನು ಒಡೆಯುವ ಕಿಣ್ವ ಇರುವ ತಳಿ) ಇದ್ದರೆ ಮೊದಲು ಮೆರೋಪೆನೆಮ್, 8 ಗಂಟೆಗೊಮ್ಮೆ 1 ಗ್ರಾಂ. ಜ್ವರ ಇಳಿದು, ಊಟ ಸೇರುವಂತಾಗಿ, ರಿಪೋರ್ಟ್ ಒಪ್ಪಿದರೆ ಸಿಪ್ರೋಫ್ಲಾಕ್ಸಸಿನ್ ಅಥವಾ ಕೋಟ್ರೈಮೊಕ್ಸಜೋಲ್ ಮಾತ್ರೆಗೆ ಬದಲಾಯಿಸಬಹುದು.

ಔಷಧಿ ಸರಿಯಾಗಿದ್ದೂ ಹಾಕುವ ರೀತಿಯಲ್ಲಿ ಸೋಲುವುದುಂಟು. ಪಿಪ್‌ಟಾಜ್, ಮೆರೋ ಗುಂಪಿನ ಔಷಧಿಗಳು ಎಷ್ಟು ಎತ್ತರಕ್ಕೆ ಏರಿದವು ಎಂಬುದಕ್ಕಿಂತ ಎಷ್ಟು ಹೊತ್ತು ರಕ್ತದಲ್ಲಿ ನಿಂತವು ಎಂಬುದು ಮುಖ್ಯ. ಆದ್ದರಿಂದ ಮೊದಲ ಡೋಸನ್ನು ಅರ್ಧ ಗಂಟೆಯಲ್ಲಿ ಬೇಗ ಹಾಕಿ, ಮುಂದಿನವನ್ನು ಮೆರೋ ಆದರೆ 3 ಗಂಟೆ, ಪಿಪ್‌ಟಾಜ್ ಆದರೆ 4 ಗಂಟೆ ನಿಧಾನವಾಗಿ ಬಿಡುವುದು ಒಳ್ಳೆಯದು. ಎರಡು ಕಡೆ ಎಚ್ಚರ ಬೇಕು. ಒಂದು, 100 ಮಿ.ಲೀ. ಸಲೈನ್‌ನಲ್ಲಿ ಕಲಸಿದ ಔಷಧಿಯ 15-20 ಮಿ.ಲೀ. ಡ್ರಿಪ್ ಸೆಟ್ಟಿನ ಕೊಳವೆಯಲ್ಲೇ ಉಳಿದುಬಿಡುತ್ತದೆ. ಬಾಟಲಿ ಖಾಲಿಯಾಯಿತೆಂದು ಸೆಟ್ ಬಿಚ್ಚಿದರೆ ಪ್ರತಿ ಸಲ ಆರನೇ ಒಂದು ಭಾಗ ಡಸ್ಟ್‌ಬಿನ್ನಿಗೆ. ಸ್ವಲ್ಪ ಸಲೈನ್ ಬಿಟ್ಟು ಕೊಳವೆ ತೊಳೆಯಿರಿ. ಎರಡು, ಮೆರೋಪೆನೆಮ್ ಕಲಸಿದ ಮೇಲೆ ಬಿಸಿಗೆ ಬೇಗ ಕೆಡುತ್ತದೆ. ಏಪ್ರಿಲ್ ತಿಂಗಳ ಚಿತ್ರದುರ್ಗದಲ್ಲಿ, ಎಸಿ ಇಲ್ಲದ ವಾರ್ಡಿನಲ್ಲಿ, ಬೆಳಿಗ್ಗೆಯೇ ಮೂರೂ ಡೋಸ್ ಕಲಸಿಟ್ಟರೆ ರಾತ್ರಿಯದು ಅರೆಬರೆ ಔಷಧಿ. ನೇತುಹಾಕುವ ಹೊತ್ತಿಗೆ ಕಲಸಿ, ಸಲೈನ್‌ನಲ್ಲೇ ಕಲಸಿ. ಡೆಕ್ಸ್‌ಟ್ರೋಸ್‌ನಲ್ಲಿ ಇನ್ನೂ ಬೇಗ ಕೆಡುತ್ತದೆ. ಸೆಫ್‌ಟ್ರಯಾಕ್ಸೋನ್ ಹಾಕುವವರು ಅದೇ ಲೈನಿನಲ್ಲಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಓಡಿಸಬಾರದು. ಅದರ ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಕಟ್ಟುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು: ಅಡ್ಮಿಟ್ ಆದ ದಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತದ ಅಳತೆ) ಏರಿದ್ದು ನೋಡಿ ಮೊದಲ ದಿನವೇ ಡೋಸ್ ಅರ್ಧಕ್ಕೆ ಇಳಿಸುವುದು. ನಂಜಿನಿಂದ ಏರಿದ ಕ್ರಿಯಾಟಿನಿನ್ ಎಷ್ಟೋ ಜನರಲ್ಲಿ 48 ಗಂಟೆಯೊಳಗೆ ತಾನೇ ಇಳಿಯುತ್ತದೆ. ಜೀವ ಉಳಿಯಬೇಕಾದ ಆ ಎರಡು ದಿನವೇ ಅರ್ಧ ಡೋಸ್ ಆದರೆ ಹೇಗೆ? ಈ ಮಾತು ಸೆಫಲೋಸ್ಪೋರಿನ್, ಪಿಪ್‌ಟಾಜ್, ಮೆರೋಗೆ ಮಾತ್ರ. ಅಮಿಕಾಸಿನ್, ವ್ಯಾಂಕೋ, ಕೊಲಿಸ್ಟಿನ್‌ಗೆ ಇದನ್ನು ಹಚ್ಚಬೇಡಿ, ಅವು ಕಿಡ್ನಿಯನ್ನೇ ಹೊಡೆಯುವವು.

ಮೆರೋಗೂ ಬಗ್ಗದಿದ್ದರೆ

ಇಲ್ಲಿ ಭಾರತದ ಲೆಕ್ಕ ಅಮೆರಿಕದ ಪುಸ್ತಕಕ್ಕೆ ಹೊಂದುವುದಿಲ್ಲ. ಅಲ್ಲಿ ಹೆಚ್ಚಾಗಿ ಕಾಣುವುದು ಮೆರೋವನ್ನು ಒಡೆಯುವ ಕೆಪಿಸಿ ಎಂಬ ಕಿಣ್ವ. ಅದಕ್ಕೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದೇ ಸಾಕು. ನಮ್ಮಲ್ಲಿ ಎನ್‌ಡಿಎಂ ಮತ್ತು ಆಕ್ಸಾ-48 ಬಗೆಯವು, ಎಷ್ಟೋ ಸಲ ಎರಡೂ ಒಂದೇ ರೋಗಾಣುವಿನಲ್ಲಿ. ಅವಿಬ್ಯಾಕ್ಟಮ್ ಎನ್‌ಡಿಎಂ ಅನ್ನು ತಡೆಯುವುದಿಲ್ಲ. ಅಜ್‌ಟ್ರಿಯೋನಾಮ್ ಅನ್ನು ಎನ್‌ಡಿಎಂ ಒಡೆಯಲಾರದು, ಆದರೆ ಪಕ್ಕದಲ್ಲಿರುವ ಇಎಸ್‌ಬಿಎಲ್ ಒಡೆಯುತ್ತದೆ. ಎರಡನ್ನೂ ಜೊತೆಗೆ ಕೊಟ್ಟಾಗ ಅವಿಬ್ಯಾಕ್ಟಮ್ ಆ ಇಎಸ್‌ಬಿಎಲ್ ಅನ್ನು ಕಟ್ಟಿಹಾಕುತ್ತದೆ, ಅಜ್‌ಟ್ರಿಯೋನಾಮ್ ಕೆಲಸ ಮುಗಿಸುತ್ತದೆ. ಅದಕ್ಕೇ ಇವನ್ನು ಒಂದರ ಹಿಂದೆ ಒಂದಲ್ಲ, ಒಂದೇ ಹೊತ್ತಿಗೆ ಬಿಡಬೇಕು: ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ 2.5 ಗ್ರಾಂ ಮತ್ತು ಅಜ್‌ಟ್ರಿಯೋನಾಮ್ 2 ಗ್ರಾಂ, 8 ಗಂಟೆಗೊಮ್ಮೆ, 3 ಗಂಟೆ ಕಾಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂದು ಚಾರ್ಟ್ ಬರೆದರೆ ದುಬಾರಿ ಔಷಧಿ ದಂಡ.

ಕೊಲಿಸ್ಟಿನ್ ಬೇರೆ ದಾರಿ ಇಲ್ಲದಾಗಿನ ಔಷಧಿ. 90 ಲಕ್ಷ ಯೂನಿಟ್ ಲೋಡಿಂಗ್ (ಶುರುವಿಗೆ ಕೊಡುವ ದೊಡ್ಡ ಡೋಸ್) ಇಲ್ಲದೆ ಶುರು ಮಾಡಿದರೆ ರಕ್ತದಲ್ಲಿ ಸಾಕಷ್ಟು ಮಟ್ಟಕ್ಕೆ ಏರಲು ಎರಡು ದಿನ ಹಿಡಿಯುತ್ತದೆ. ಕೊಲಿಸ್ಟಿನ್ ಜೊತೆ ಮೆರೋ ಸೇರಿಸಿದರೆ ಲಾಭವಿದೆಯೇ ಎಂದು 406 ರೋಗಿಗಳಲ್ಲಿ ನೋಡಿದ 2018ರ ಐಡಾ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಅಲ್ಲಿದ್ದವು ಹೆಚ್ಚಿನವು ಅಸಿನೆಟೋಬ್ಯಾಕ್ಟರ್ ಎಂಬ ಬೇರೆ ರೋಗಾಣು ಎಂಬುದು ನೆನಪಿರಲಿ. ಇನ್ನು, ಡಿಸ್ಕ್ ಇಟ್ಟು "ಕೊಲಿಸ್ಟಿನ್: ಎಸ್" ಎಂದು ಕೊಟ್ಟ ರಿಪೋರ್ಟನ್ನು ಪಕ್ಕಕ್ಕಿಡಿ. ಆ ಔಷಧಿ ಅಗರ್‌ನಲ್ಲಿ (ರೋಗಾಣು ಬೆಳೆಸುವ ಜೆಲ್ಲಿ) ಸರಿಯಾಗಿ ಹರಡುವುದೇ ಇಲ್ಲ, ಡಿಸ್ಕ್ ವಿಧಾನ ಅದಕ್ಕೆ ಸಲ್ಲದು. ಟಿಗೆಸೈಕ್ಲಿನ್ ರಿಪೋರ್ಟ್‌ನಲ್ಲಿ ಎಷ್ಟೇ ಚೆಂದ ಕಂಡರೂ ಅಂಗಾಂಶಕ್ಕೆ ಇಳಿದು ರಕ್ತದಲ್ಲಿ ತೆಳುವಾಗುತ್ತದೆ. ರಕ್ತದ ಸೋಂಕಿಗೆ ಅದೊಂದನ್ನೇ ನೆಚ್ಚುವಂತಿಲ್ಲ.

ಸ್ಟ್ಯಾಫ್ ಬಂದರೆ ನಿಯಮವೇ ಬೇರೆ

ಸ್ಟ್ಯಾಫಿಲೋಕಾಕಸ್ ಆರಿಯಸ್ ಒಂದೇ ಬಾಟಲಿಯಲ್ಲಿ ಬಂದರೂ ಚರ್ಮದ್ದು ಎಂದು ತಳ್ಳಿಹಾಕಬೇಡಿ. ಅದು ಹೃದಯದ ಕವಾಟ, ಬೆನ್ನುಮೂಳೆ, ಕೀಲುಗಳಲ್ಲಿ ಹೋಗಿ ಕೂರುತ್ತದೆ. ಎಲ್ಲರಿಗೂ ಎಕೋ ಬೇಕು. ಒಂದೆರಡು ದಿನಕ್ಕೊಮ್ಮೆ ಕಲ್ಚರ್ ಮತ್ತೆ ಕಳಿಸಬೇಕು, ನೆಗೆಟಿವ್ ಬರುವ ತನಕ. ಡಯಾಲಿಸಿಸ್ ಲೈನ್‌ನಿಂದ ಬಂದಿದ್ದರೆ ಲೈನ್ ತೆಗೆಯಲೇಬೇಕು.

ಮೆಥಿಸಿಲಿನ್‌ಗೆ ಬಗ್ಗುವ ತಳಿಗೆ ಕ್ಲೋಕ್ಸಾಸಿಲಿನ್ ಅಥವಾ ಸೆಫಜೋಲಿನ್. ಇತ್ತೀಚಿನ ಪ್ರಯೋಗಗಳಲ್ಲಿ ಸೆಫಜೋಲಿನ್ ಕೆಲಸದಲ್ಲಿ ಕೀಳಾಗಲಿಲ್ಲ, ಕಿಡ್ನಿಗೆ ಹಗುರವಾಯಿತು. ಕ್ಲೋಕ್ಸಾಸಿಲಿನ್ ಆದರೆ 4 ಗಂಟೆಗೊಮ್ಮೆ 2 ಗ್ರಾಂ, ರಾತ್ರಿಪಾಳಿಯಲ್ಲಿ ಒಬ್ಬ ಸಿಸ್ಟರ್ 20 ರೋಗಿಗಳನ್ನು ನೋಡುವ ಕಡೆ ಒಂದೆರಡು ಡೋಸ್ ತಪ್ಪಿಯೇ ತಪ್ಪುತ್ತದೆ. ಸೆಫಜೋಲಿನ್ 8 ಗಂಟೆಗೊಮ್ಮೆ 2 ಗ್ರಾಂ. ನನ್ನ ಆಯ್ಕೆ ಅದೇ. ಆದರೆ ಮಿದುಳಿಗೆ ಹರಡಿದ್ದರೆ ಬೇಡ, ಅಲ್ಲಿಗೆ ಸಾಕಷ್ಟು ಇಳಿಯುವುದಿಲ್ಲ. ಇಂಥ ತಳಿಗೆ ವ್ಯಾಂಕೋಮೈಸಿನ್ ಮುಂದುವರಿಸುವುದು ಜಾಸ್ತಿ ಕೊಟ್ಟಂತೆ ಕಾಣುತ್ತದೆ, ನಿಜಕ್ಕೂ ಕಡಿಮೆ ಕೊಟ್ಟಂತೆ; ಅದು ನಿಧಾನವಾಗಿ ಕೊಲ್ಲುವ ಔಷಧಿ.

ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್) ಆಗಿದ್ದರೆ ವ್ಯಾಂಕೋ: ತೂಕದ ಕೆಜಿಗೆ 25ರಿಂದ 30 ಮಿ.ಗ್ರಾಂ. ಲೋಡಿಂಗ್, ಆಮೇಲೆ 15ರಿಂದ 20 ಮಿ.ಗ್ರಾಂ. 12 ಗಂಟೆಗೊಮ್ಮೆ, ರಕ್ತದ ಮಟ್ಟ ನೋಡಿ ಹೊಂದಿಸುತ್ತಾ. 1 ಗ್ರಾಂ ಹೋಗಲು ಕನಿಷ್ಠ ಒಂದು ಗಂಟೆ. ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪೇರಿ ತುರಿಕೆ ಬರುತ್ತದೆ. ಅದು ಅಲರ್ಜಿಯಲ್ಲ, ವೇಗ ಇಳಿಸಿದರೆ ಸಾಕು. ಟೀಕೋಪ್ಲಾನಿನ್ ಹಾಕುವವರು ಲೋಡಿಂಗ್ ಇಲ್ಲದೆ ದಿನಕ್ಕೆ 400 ಮಿ.ಗ್ರಾಂ. ಕೊಡುವುದು ಇನ್ನೂ ನಿಂತಿಲ್ಲ. ಕೆಜಿಗೆ 12 ಮಿ.ಗ್ರಾಂ.ನಂತೆ 12 ಗಂಟೆಗೊಮ್ಮೆ ಮೂರರಿಂದ ಐದು ಡೋಸ್ ಹೋದ ಮೇಲಷ್ಟೇ ದಿನಕ್ಕೊಂದು. ಡ್ಯಾಪ್ಟೋಮೈಸಿನ್ ಒಳ್ಳೆಯದು, ನ್ಯುಮೋನಿಯಾ ಇದ್ದರೆ ಮಾತ್ರ ಬೇಡ. ಶ್ವಾಸಕೋಶದ ಸರ್ಫ್ಯಾಕ್ಟಂಟ್ ಅದನ್ನು ನಿಷ್ಕ್ರಿಯ ಮಾಡುತ್ತದೆ. "ಎರಡು ಔಷಧಿ ಸೇರಿಸಿದರೆ ಇನ್ನೂ ಗಟ್ಟಿ" ಎಂಬ ನಂಬಿಕೆಯನ್ನು 2020ರ ಕ್ಯಾಮೆರಾ-2 ಪ್ರಯೋಗ ಒರೆಗೆ ಹಚ್ಚಿತು. ವ್ಯಾಂಕೋ ಅಥವಾ ಡ್ಯಾಪ್ಟೋ ಜೊತೆ ಕ್ಲೋಕ್ಸಾಸಿಲಿನ್ ಗುಂಪಿನ ಔಷಧಿ ಸೇರಿಸಿದವರಲ್ಲಿ 23% ಜನರಿಗೆ ಕಿಡ್ನಿ ಪೆಟ್ಟು, ಸೇರಿಸದವರಲ್ಲಿ 6%. ಸಾವು ಕಡಿಮೆಯಾಗಲಿಲ್ಲ.

ಎಷ್ಟು ದಿನ

ಇಲ್ಲಿ ರೂಢಿಯ 14 ದಿನವನ್ನು ಬಿಡುವ ಕಾಲ ಬಂದಿದೆ. 2024ರ ನವೆಂಬರ್‌ನಲ್ಲಿ ಪ್ರಕಟವಾದ ಬ್ಯಾಲೆನ್ಸ್ ಪ್ರಯೋಗ 7 ದೇಶಗಳ 74 ಆಸ್ಪತ್ರೆಗಳಲ್ಲಿ 3608 ರೋಗಿಗಳನ್ನು ಎರಡು ಪಾಲು ಮಾಡಿ, ಅರ್ಧ ಜನರಿಗೆ 7 ದಿನ, ಅರ್ಧ ಜನರಿಗೆ 14 ದಿನ ಆಂಟಿಬಯೋಟಿಕ್ ಕೊಟ್ಟಿತು. 90 ದಿನದೊಳಗಿನ ಸಾವು 7 ದಿನದವರಲ್ಲಿ 14.5%, 14 ದಿನದವರಲ್ಲಿ 16.1%. ಅರ್ಧಕ್ಕಿಂತ ಹೆಚ್ಚು ಜನ ಐಸಿಯುನಲ್ಲಿದ್ದವರು. ಈ ಅಂಕಿಯನ್ನು "7 ದಿನವೇ ಮೇಲು" ಎಂದು ಓದಬಾರದು. ಕಡಿಮೆ ದಿನ ಕೊಟ್ಟರೆ ಸಾವು ಹೆಚ್ಚೆಂದರೆ 100ಕ್ಕೆ 4ರಷ್ಟು ಏರಬಹುದು, ಅದರೊಳಗಿದ್ದರೆ ಕೀಳಲ್ಲ ಎಂದು ಮೊದಲೇ ಗೆರೆ ಎಳೆದುಕೊಂಡಿದ್ದರು. ಫಲಿತಾಂಶದ ಅಂದಾಜಿನ ಕೆಟ್ಟ ತುದಿಯೂ 0.8ಕ್ಕೇ ನಿಂತಿತು. 7 ದಿನದ ಗುಂಪಿನಲ್ಲೂ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ವೈದ್ಯರು ಮನಸ್ಸು ತಡೆಯದೆ ಇನ್ನಷ್ಟು ದಿನ ಕೊಟ್ಟಿದ್ದರು. ಆ ಪುಕ್ಕಲುತನ ನಮ್ಮೂರಿನದಷ್ಟೇ ಅಲ್ಲ.

ಆ 7 ದೇಶಗಳಲ್ಲಿ ಭಾರತ ಇಲ್ಲ. ಮತ್ತೆ, ಯಾರನ್ನು ಹೊರಗಿಟ್ಟಿದ್ದರು ಎಂಬುದನ್ನು ಓದದೆ ಈ ಅಂಕಿ ಬಳಸುವುದು ಅಪಾಯ: ಸ್ಟ್ಯಾಫಿಲೋಕಾಕಸ್ ಆರಿಯಸ್, ಕೃತಕ ಕವಾಟ ಇರುವವರು, ರೋಗನಿರೋಧಕ ಶಕ್ತಿ ತೀರಾ ಕುಸಿದವರು, ತೆಗೆಯದ ಕೀವು, ಎಂಡೋಕಾರ್ಡೈಟಿಸ್ (ಹೃದಯದ ಕವಾಟದ ಸೋಂಕು) ಇದರಲ್ಲಿಲ್ಲ. ಸ್ಟ್ಯಾಫ್ ಆದರೆ ಅತಿ ಸರಳ ಪ್ರಕರಣಕ್ಕೂ ಕನಿಷ್ಠ 14 ದಿನ, ಎಣಿಕೆ ಶುರುವಾಗುವುದು ಮೊದಲ ನೆಗೆಟಿವ್ ಕಲ್ಚರ್‌ನಿಂದ. ತೊಡಕಿದ್ದರೆ 4ರಿಂದ 6 ವಾರ. ಇ. ಕೋಲೈ, ಕ್ಲೆಬ್ಸಿಯೆಲ್ಲಾಗೆ ಎಣಿಕೆ ಅಡ್ಮಿಟ್ ಆದ ದಿನದಿಂದಲ್ಲ, ಆ ರೋಗಾಣುವಿಗೆ ನಾಟುವ ಔಷಧಿ ಶುರುವಾದ ದಿನದಿಂದ. ಮೂರು ದಿನ ಸೆಫ್‌ಟ್ರಯಾಕ್ಸೋನ್ ಕೊಟ್ಟು, ಬಗ್ಗದ ತಳಿ ಎಂದು ಗೊತ್ತಾಗಿ ಮೆರೋಗೆ ಹೋದರೆ ಆ ಮೂರು ದಿನ ಲೆಕ್ಕಕ್ಕಿಲ್ಲ. ಲಿವರ್‌ನಲ್ಲಿ ಕೀವು ಇದ್ದರೆ, ಮೂತ್ರಕ್ಕೆ ಕಲ್ಲು ಅಡ್ಡ ನಿಂತಿದ್ದರೆ, ಅದನ್ನು ತೆಗೆಯದೆ 7 ದಿನವಾದರೇನು 21 ದಿನವಾದರೇನು.

ಮಾತ್ರೆಗೆ ಬದಲಾಯಿಸುವಾಗ ಮೆಡಿಕಲ್ ಶಾಪ್‌ನಲ್ಲಿ ಸುಲಭಕ್ಕೆ ಸಿಗುವ ಸೆಫಿಕ್ಸಿಮ್ ಬರೆಯುವುದು ರೂಢಿ. ಅದು ಕರುಳಿನಿಂದ ರಕ್ತಕ್ಕೆ ಸೇರುವುದು ಅರ್ಧದಷ್ಟೂ ಇಲ್ಲ. ನೈಟ್ರೋಫ್ಯುರಾಂಟೋಯಿನ್ ಮೂತ್ರದಲ್ಲಷ್ಟೇ ಸೇರುತ್ತದೆ, ಸೋಂಕು ಮೂತ್ರದಿಂದಲೇ ಬಂದಿದ್ದರೂ ರಕ್ತದಲ್ಲಿ ಅದರ ಆಟ ನಡೆಯದು.

ನಮ್ಮ ಸೀಮೆಯ ಮೂರು ಜ್ವರ

ಟೈಫಾಯ್ಡ್ ಕೂಡ ರಕ್ತದ ಸೋಂಕೇ. "ಸ್ವಲ್ಪ ಟೈಫಾಯ್ಡ್ ಇದೆ" ಎಂದು ಒಂದೇ ವೈಡಾಲ್ ಪರೀಕ್ಷೆ ನೋಡಿ ಹೇಳುವುದಕ್ಕೆ ಬೆಲೆಯಿಲ್ಲ. ಹಿಂದೆಂದೋ ಬಂದು ಹೋದ ಸೋಂಕಿಗೂ ಅದು ಏರುತ್ತದೆ. ಮೊದಲ ವಾರದ ಕಲ್ಚರ್ ಬೇಕು. ಸಿಪ್ರೋ ಈಗ ಭಾರತದಲ್ಲಿ ನಂಬುವಂತಿಲ್ಲ. ಸೆಫ್‌ಟ್ರಯಾಕ್ಸೋನ್ 10ರಿಂದ 14 ದಿನ, ಅಥವಾ ತೊಡಕಿಲ್ಲದವರಿಗೆ ಅಜಿಥ್ರೋಮೈಸಿನ್ 7 ದಿನ. ಅಜಿಥ್ರೋ ರಕ್ತದಲ್ಲಿ ತೆಳುವಾಗಿಯೇ ಇರುತ್ತದೆ, ಆದರೂ ನಾಟುತ್ತದೆ, ಯಾಕೆಂದರೆ ಈ ಸಾಲ್ಮೊನೆಲ್ಲಾ ಅಡಗುವುದು ಜೀವಕೋಶದೊಳಗೆ, ಔಷಧಿ ತುಂಬಿಕೊಳ್ಳುವುದೂ ಅಲ್ಲೇ. ಸರಿಯಾದ ಔಷಧಿಯಲ್ಲೂ ಜ್ವರ ಇಳಿಯಲು ನಾಲ್ಕೈದು ದಿನ ಬೇಕು. ಮೂರನೇ ದಿನಕ್ಕೇ ಔಷಧಿ ಬದಲಾಯಿಸುವ ಅವಸರ ಬೇಡ.

ಭದ್ರಾ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ, ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆ, ಸಕ್ಕರೆ ಕಾಯಿಲೆ ಇರುವ ರೈತರಿಗೆ ಮಳೆಗಾಲದಲ್ಲಿ ಜ್ವರ, ಲಿವರ್ ಅಥವಾ ಗುಲ್ಮದಲ್ಲಿ ಕೀವು ಕಂಡರೆ ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ನೆನಪಾಗಬೇಕು. ಕರ್ನಾಟಕದ ಕರಾವಳಿಯಲ್ಲಿ ಇದು ಚಿರಪರಿಚಿತ; ಕೆಸರು, ನಿಂತ ನೀರು ಇರುವ ಕಡೆಯೆಲ್ಲ ಬರಬಲ್ಲದು. ಲ್ಯಾಬ್ ಇದನ್ನು "ಸ್ಯೂಡೋಮೋನಾಸ್" ಎಂದು ಬರೆದುಬಿಡುವ ಸಂಭವ ಹೆಚ್ಚು. ಜೆಂಟಾಮೈಸಿನ್, ಕೊಲಿಸ್ಟಿನ್ ಎರಡಕ್ಕೂ ಬಗ್ಗದೆ ಅಮೋಕ್ಸಿಸಿಲಿನ್-ಕ್ಲಾವ್‌ಗೆ ಬಗ್ಗುವ ಸ್ಯೂಡೋಮೋನಾಸ್ ರಿಪೋರ್ಟ್ ಬಂದರೆ ಲ್ಯಾಬ್‌ಗೆ ಫೋನ್ ಮಾಡಿ. ಸೆಫ್ಟಾಜಿಡಿಮ್ ಅಥವಾ ಮೆರೋ ಕನಿಷ್ಠ ಎರಡು ವಾರ, ಆಮೇಲೆ ಕೋಟ್ರೈಮೊಕ್ಸಜೋಲ್ ಮೂರು ತಿಂಗಳು. ಮಾತ್ರೆ ಅರ್ಧಕ್ಕೆ ಬಿಟ್ಟವರಲ್ಲಿ ಮರುಕಳಿಸುತ್ತದೆ.

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆಯ ಕುರಿಗಾಹಿಗಳಿಗೆ ಬರುವುದು ಬ್ರುಸೆಲ್ಲಾ, ಕುರಿ ಮೇಕೆಗಳ ಕಂದು ಹಾಕುವ ರೋಗ. ಮರಿ ಹಾಕಿಸುವಾಗ ಬರಿಗೈಯಲ್ಲಿ ಮಾಸು ಮುಟ್ಟುವುದು, ಹಸಿ ಹಾಲು ಕುಡಿಯುವುದು ಇದರ ದಾರಿಗಳು. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಸಂಜೆ ಬೆವರು, ಸೊಂಟ ನೋವು. ಸೆಫ್‌ಟ್ರಯಾಕ್ಸೋನ್ ಹಾಕಿದರೆ ಜ್ವರ ತುಸು ಇಳಿದಂತಾಗಿ ಮತ್ತೆ ಬರುತ್ತದೆ. ಚಿಕಿತ್ಸೆ ಎರಡು ಬಗೆ: ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಸಲ 6 ವಾರ, ಜೊತೆಗೆ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ 2ರಿಂದ 3 ವಾರ. ಅಥವಾ ಡಾಕ್ಸಿ ಜೊತೆ ರಿಫಾಂಪಿಸಿನ್ 6 ವಾರ. ಮರುಕಳಿಸುವುದು ಎರಡನೆಯದರಲ್ಲಿ ಹೆಚ್ಚು. ಮಂದೆಯ ಜೊತೆ ಊರೂರು ಅಲೆಯುವವರಿಗೆ ದಿನಾ ಇಂಜೆಕ್ಷನ್ ಆಗದ ಮಾತು ಎಂದು ಎರಡನೆಯದನ್ನು ಬರೆಯುತ್ತಾರೆ, ಅದು ಅರ್ಥವಾಗುವಂಥದೇ. ಆಗುವುದಾದರೆ ಮೊದಲ ಎರಡು ವಾರ ಊರಲ್ಲೇ ಉಳಿಸಿಕೊಂಡು ಇಂಜೆಕ್ಷನ್ ಮುಗಿಸಿ ಕಳಿಸುವುದು ಲೇಸು. ರಿಫಾಂಪಿಸಿನ್ ಒಂದನ್ನೇ ಕೊಡುವುದಂತೂ ಬೇಡ. ಒಳಗೆ ಟಿಬಿ ಅಡಗಿದ್ದರೆ ಅದಕ್ಕೆ ಪ್ರತಿರೋಧ ಕಲಿಸಿದಂತೆ.

ಬ್ರುಸೆಲ್ಲಾ ಅನುಮಾನ ಇದ್ದರೆ ಕಲ್ಚರ್ ಫಾರಂ ಮೇಲೆ ದೊಡ್ಡಕ್ಷರದಲ್ಲಿ ಬರೆಯಿರಿ. ಬಾಟಲಿಯನ್ನು ಹೆಚ್ಚು ದಿನ ಇಡಬೇಕೆಂಬುದು ಒಂದು ಕಾರಣ. ಇನ್ನೊಂದು, ಬೆಳೆದ ಪ್ಲೇಟನ್ನು ತೆರೆದ ಮೇಜಿನ ಮೇಲೆ ಮೂಸಿ ನೋಡಿದರೂ ಲ್ಯಾಬ್ ಟೆಕ್ನೀಷಿಯನ್‌ಗೆ ಈ ರೋಗ ಅಂಟುತ್ತದೆ. ಅದನ್ನು ಸುರಕ್ಷತಾ ಕ್ಯಾಬಿನೆಟ್‌ನೊಳಗೇ ತೆಗೆಯಬೇಕು.